ಕೆಟ್ಟಿದ್ದು ಕಂಪ್ಯೂಟರೋ, ಲೆಕ್ಕವೋ?

ಚಿಕ್ಕಮಗಳೂರು: ಮುಂಗಾರು ಬಂತೆಂದರೆ ಮಲೆನಾಡಿನಲ್ಲಿ ಮೊದಲು ಮುರಿದು ಬೀಳುವುದು ಮರದ ಕೊಂಬೆ, ಅದರ ಹಿಂದೆಯೇ ವಿದ್ಯುತ್ ತಂತಿ. ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಹೀಗೆ ಹೋಗಿ ಬರುವ ನಡುವೆ ಮೂಡಿಗೆರೆಯ ಯಾವುದೋ ತೋಟದ ಕಚೇರಿಯಲ್ಲೋ, ಕಳಸದ ಯಾವುದೋ ಝೆರಾಕ್ಸ್ ಅಂಗಡಿಯಲ್ಲೋ ಒಂದು ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ. ಅದನ್ನು ಹೊತ್ತು ಪೇಟೆಗೆ ಬರುವ ಗ್ರಾಹಕನಿಗೆ ಗೊತ್ತಿರುವುದು ಒಂದೇ ಮಾತು: ‘ಆನ್ ಆಗುತ್ತಿಲ್ಲ’. ಅಂಗಡಿಯಿಂದ ಹಿಂದಿರುಗುವಾಗ ಅವನಿಗೆ ತಿಳಿದಿರುವುದೂ ಒಂದೇ ಮಾತು: ‘ಇಷ್ಟಾಯಿತು’. ಈ ಎರಡು ಮಾತುಗಳ ನಡುವೆ ಒಳಗಿನ ಮೇಜಿನ ಮೇಲೆ ಏನು ನಡೆಯಿತು ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ಕಂಪ್ಯೂಟರ್ ರಿಪೇರಿಯ ಹೆಸರಿನಲ್ಲಿ ನಡೆಯುವ ದುಬಾರಿ ವಸೂಲಿಯ ಬೇರು ಇರುವುದು ಈ ಕತ್ತಲೆಯಲ್ಲಿಯೇ.

ಕಂಪ್ಯೂಟರ್ ಮಲೆನಾಡಿಗೆ ಹೊಸತೇನಲ್ಲ. ಮೂಡಿಗೆರೆಯ ತೋಟದಲ್ಲಿ ಕುಳಿತೇ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಅಗತ್ಯವನ್ನು ನಾಡಿಗೆ ಒತ್ತಿ ಹೇಳಿದ್ದರು. ಆದರೆ ಅಂದು ಆಸಕ್ತರ ಮನೆಯ ವಸ್ತುವಾಗಿದ್ದ ಯಂತ್ರ ಇಂದು ಅನಿವಾರ್ಯದ ವಸ್ತುವಾಗಿದೆ. ತೋಟದ ಆಳುಗಳ ಹಾಜರಿ ಮತ್ತು ಬಟವಾಡೆಯ ಲೆಕ್ಕ, ಕಾಫಿ ಸಾಗಣೆಯ ಇ-ವೇ ಬಿಲ್, ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ಎಲ್ಲವೂ ಈಗ ಪರದೆಯ ಮೂಲಕವೇ ಸಾಗಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ನೆತ್ತಿ ಹತ್ತಿದ್ದ ಮಲೆನಾಡಿನ ಮಕ್ಕಳ ಚಿತ್ರ ನಾಡಿಗೆಲ್ಲ ನೆನಪಿದೆ. ಆ ವರ್ಷದಿಂದ ಈಚೆಗೆ ಲ್ಯಾಪ್‌ಟಾಪ್ ಎಂಬುದು ಮಧ್ಯಮ ವರ್ಗದ ಮನೆಯಲ್ಲಿ ಐಷಾರಾಮದ ಪಟ್ಟಿಯಿಂದ ಹೊರಬಂದಿದೆ. ಅದು ಒಂದು ವಾರ ಕೆಟ್ಟು ಕುಳಿತರೆ ನಷ್ಟವೇನು ಎಂಬುದು ಅಂಗಡಿಯವನಿಗೂ ಗೊತ್ತು, ಗ್ರಾಹಕನಿಗೂ ಗೊತ್ತು. ಆತುರದಲ್ಲಿರುವವನು ಚೌಕಾಶಿ ಮಾಡಲಾರ.

ಮಳೆನಾಡಿನ ಕಾಯಿಲೆಗಳು

ಇಲ್ಲಿ ಕಂಪ್ಯೂಟರ್ ಕೆಡುವ ಬಗೆಗೂ ಬಯಲುಸೀಮೆಯಲ್ಲಿ ಕೆಡುವ ಬಗೆಗೂ ವ್ಯತ್ಯಾಸವಿದೆ. ತಿಂಗಳುಗಟ್ಟಲೆ ತೇವಾಂಶ ಹಿಡಿದಿರುವ ಕೋಣೆಯಲ್ಲಿ ‘ರ‍್ಯಾಮ್’ ಎಂಬ ಸ್ಮೃತಿ ಫಲಕದ ಲೋಹದ ಹಲ್ಲುಗಳ ಮೇಲೆ ತೆಳುವಾದ ಕಿಲುಬಿನ ಪದರ ಕೂರುತ್ತದೆ. ಸಂಪರ್ಕ ತಪ್ಪುತ್ತದೆ, ಯಂತ್ರ ಬೀಪ್ ಎಂದು ಕೂಗಿ ಸುಮ್ಮನಾಗುತ್ತದೆ. ಫಲಕವನ್ನು ಹೊರತೆಗೆದು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಯಂತ್ರ ಎದ್ದು ನಿಲ್ಲುತ್ತದೆ. ಐದು ನಿಮಿಷದ ಈ ಕೆಲಸಕ್ಕೆ ‘ಮದರ್‌ಬೋರ್ಡ್ ಹೋಗಿದೆ’ ಎಂಬ ಹೆಸರು ಬಿದ್ದರೆ ಬೆಲೆ ನೂರರಿಂದ ಸಾವಿರಗಳಿಗೆ ಜಿಗಿಯುತ್ತದೆ.

ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಹಿಂದಕ್ಕೆ ಹೋಗುವ, ಅಂತರ್ಜಾಲದ ತಾಣಗಳು ‘ಸುರಕ್ಷಿತವಲ್ಲ’ ಎಂದು ಎಚ್ಚರಿಸುವ ತೊಂದರೆ ಇನ್ನೊಂದು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಪುಟ್ಟ ಬ್ಯಾಟರಿ ಸತ್ತಿರುವುದು. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ವಸ್ತು ಅದು. ಯುಪಿಎಸ್ ನಿಂತರೆ ಬಹುತೇಕ ಸೋತಿರುವುದು ಅದರೊಳಗಿನ ಬ್ಯಾಟರಿ. ಅದನ್ನಷ್ಟೇ ಬದಲಿಸಬಹುದಾದಲ್ಲಿ ಇಡೀ ಯುಪಿಎಸ್ ಹೊಸತಾಗುತ್ತದೆ. ಮುಂಗಾರುಪೂರ್ವ ಗುಡುಗು ಸಿಡಿಲಿನ ದಿನಗಳಲ್ಲಿ ದೂರವಾಣಿ ತಂತಿಯ ಮೂಲಕ ಬಂದ ಆಘಾತಕ್ಕೆ ಮೋಡೆಮ್ ಸುಟ್ಟು, ಅದರ ಜೊತೆಗೆ ಕಂಪ್ಯೂಟರಿನ ನೆಟ್‌ವರ್ಕ್ ಕಿಂಡಿಯೂ ಸಾಯುವುದುಂಟು. ಕೆಲವು ನೂರು ರೂಪಾಯಿಯ ಪ್ರತ್ಯೇಕ ಅಡಾಪ್ಟರ್ ಅಲ್ಲಿ ಸಾಕು. ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ. ಅದನ್ನು ಬದಲಿಸಿದರೆ ಉಳಿದೆಲ್ಲವೂ ಸುಸ್ಥಿತಿಯಲ್ಲಿರುವ ಸಾಧ್ಯತೆಯೇ ಹೆಚ್ಚು.

ಇವೆಲ್ಲವೂ ಸಣ್ಣ ಕಾಯಿಲೆಗಳೇ ಎಂದು ಹೇಳುವಂತಿಲ್ಲ. ಸಿಡಿಲಿಗೆ ಮದರ್‌ಬೋರ್ಡ್ ನಿಜವಾಗಿಯೂ ಸುಡುತ್ತದೆ, ಹಾರ್ಡ್‌ಡಿಸ್ಕ್ ನಿಜವಾಗಿಯೂ ಸಾಯುತ್ತದೆ. ದೊಡ್ಡ ಕಾಯಿಲೆಯೂ ಸಣ್ಣ ಕಾಯಿಲೆಯೂ ಹೊರಗಿನಿಂದ ಒಂದೇ ಲಕ್ಷಣ ತೋರಿಸುತ್ತವೆ ಎಂಬುದೇ ಇಲ್ಲಿರುವ ತೊಡಕು. ಕಪ್ಪು ಪರದೆ ಕಪ್ಪು ಪರದೆಯೇ. ಅದರ ಹಿಂದಿರುವುದು ಹತ್ತು ರೂಪಾಯಿಯ ದೋಷವೋ ಹತ್ತು ಸಾವಿರದ್ದೋ ಎಂದು ನಿರ್ಧರಿಸುವವನು ಯಾರೋ, ಬಿಡಿಭಾಗ ಮಾರುವವನೂ ಅವನೇ. ರೋಗ ಹೇಳುವವನೂ ಔಷಧ ಮಾರುವವನೂ ಒಬ್ಬನೇ ಆದಾಗ ರೋಗ ದೊಡ್ಡದಾಗುವುದು ಆಶ್ಚರ್ಯವಲ್ಲ.

ಅಮೆರಿಕದಲ್ಲಿ ನಡೆದದ್ದು

ಇದು ಮಲೆನಾಡಿನ ಸಣ್ಣ ಪೇಟೆಗಳ ಸಮಸ್ಯೆ ಎಂದು ಭಾವಿಸಿದರೆ ತಪ್ಪಾದೀತು. ಈ ವಿಷಯದಲ್ಲಿ ದಾಖಲೆಗೆ ಸೇರಿರುವ ಅತಿ ದೊಡ್ಡ ಪ್ರಕರಣಗಳಲ್ಲೊಂದು ನಡೆದಿರುವುದು ಅಮೆರಿಕದಲ್ಲಿ. ಆಫೀಸ್ ಡಿಪೋ ಎಂಬ ಬೃಹತ್ ಮಳಿಗೆಗಳ ಸರಣಿ ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಉಚಿತ ‘ಆರೋಗ್ಯ ತಪಾಸಣೆ’ ನಡೆಸುತ್ತಿತ್ತು. ಆ ತಂತ್ರಾಂಶವನ್ನು ಒದಗಿಸಿದ್ದು ಸಪೋರ್ಟ್ ಡಾಟ್ ಕಾಮ್ ಎಂಬ ಕಂಪನಿ. ತಪಾಸಣೆಗೆ ಮುನ್ನ ನಾಲ್ಕು ಪ್ರಶ್ನೆಗಳು. ಕಂಪ್ಯೂಟರ್ ನಿಧಾನವಾಗಿದೆಯೇ, ವೈರಸ್ ಎಚ್ಚರಿಕೆ ಬಂದಿದೆಯೇ, ಪದೇ ಪದೇ ಸ್ಥಗಿತವಾಗುತ್ತಿದೆಯೇ, ಜಾಹೀರಾತುಗಳು ಹಾರಿ ಬರುತ್ತಿವೆಯೇ? ಇವುಗಳಲ್ಲಿ ಯಾವುದಾದರೂ ಒಂದಕ್ಕೆ ‘ಹೌದು’ ಎಂದು ಗುರುತು ಹಾಕಿದರೆ ಸಾಕು, ಯಂತ್ರದಲ್ಲಿ ಏನೂ ಇಲ್ಲದಿದ್ದರೂ ತಪಾಸಣೆಯ ಫಲಿತಾಂಶದಲ್ಲಿ ದುಷ್ಟ ತಂತ್ರಾಂಶದ ಸೋಂಕು ಕಾಣಿಸಿಕೊಳ್ಳುತ್ತಿತ್ತು. ಆಮೇಲಿನ ‘ಚಿಕಿತ್ಸೆ’ಗೆ 300 ಡಾಲರ್‌ವರೆಗೂ ಶುಲ್ಕ.

ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮೆಟ್ಟಿಲೇರಿದ ಈ ಪ್ರಕರಣ 2019ರ ಮಾರ್ಚ್‌ನಲ್ಲಿ ಇತ್ಯರ್ಥವಾಯಿತು. ಆಫೀಸ್ ಡಿಪೋ 2.5 ಕೋಟಿ ಡಾಲರ್, ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ತೆರಲು ಒಪ್ಪಿದವು. ಹಣ ಗ್ರಾಹಕರಿಗೆ ಮರುಪಾವತಿಯಾಗಬೇಕೆಂಬುದು ಆಯೋಗದ ಉದ್ದೇಶವಾಗಿತ್ತು. ಗಮನಿಸಬೇಕಾದ ಅಂಶವೆಂದರೆ, ಅಂಗಡಿಯ ಸಿಬ್ಬಂದಿಯಲ್ಲೇ ಕೆಲವರು ಈ ಪದ್ಧತಿಯ ಬಗ್ಗೆ ಆಕ್ಷೇಪ ಎತ್ತಿದ್ದರು. ಆದರೂ 2016ರವರೆಗೆ ಅದು ನಿಲ್ಲಲಿಲ್ಲ. ಗ್ರಾಹಕನಿಗೆ ಪರೀಕ್ಷಿಸಲು ಬರದ ವಸ್ತುವಿನ ಮೇಲೆ ವ್ಯಾಪಾರದ ಗುರಿ ನಿಗದಿಯಾದಾಗ, ಶಿಸ್ತಿನ ದೊಡ್ಡ ಕಂಪನಿಯೂ ಸಂತೆಯ ವೈದ್ಯನಂತೆ ವರ್ತಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಹಣ ಕೊಡುವವರು ಬೇರೆಯಾದರೆ

ಮತ್ತೊಂದು ನಿದರ್ಶನ ಆಸ್ಟ್ರಿಯಾ ದೇಶದ್ದು. ಅಲ್ಲಿನ ಅರ್ಥಶಾಸ್ತ್ರಜ್ಞರು ಕಂಪ್ಯೂಟರ್‌ಗಳ ಸ್ಮೃತಿ ಫಲಕವನ್ನು ಉದ್ದೇಶಪೂರ್ವಕವಾಗಿ ಕೆಡಿಸಿ ಬೇರೆ ಬೇರೆ ಅಂಗಡಿಗಳಿಗೆ ರಿಪೇರಿಗೆ ಕೊಟ್ಟರು. ಎಲ್ಲ ಯಂತ್ರಗಳಲ್ಲೂ ದೋಷ ಒಂದೇ. ಕೆಲವು ಅಂಗಡಿಗಳಲ್ಲಿ ಮಾತ್ರ ‘ವಿಮೆಯವರಿಗೆ ಕೊಡಬೇಕು, ಬಿಲ್ ಬೇಕು’ ಎಂಬ ಒಂದು ಮಾತನ್ನು ಹೆಚ್ಚಾಗಿ ಹೇಳಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾಮಾನ್ಯ ಗ್ರಾಹಕರಿಗೆ ಸರಾಸರಿ ಸುಮಾರು 70 ಯೂರೊ ಬಿಲ್ ಆದರೆ, ವಿಮೆಯ ಮಾತೆತ್ತಿದವರಿಗೆ ಸುಮಾರು 129 ಯೂರೊ. ಅನಗತ್ಯ ಭಾಗ ಬದಲಿಸಿದ್ದು ಒಂದು ಕಾರಣ, ಮಾಡದ ಗಂಟೆಗಳ ಕೆಲಸಕ್ಕೆ ಕೂಲಿ ಬರೆದದ್ದು ಇನ್ನೊಂದು ಕಾರಣ.

ಕಾಫಿ ಸೀಮೆಯ ಓದುಗರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇಲ್ಲಿ ವಿಮೆ ಮಾಡಿಸಿದ ಕಂಪ್ಯೂಟರ್ ವಿರಳ. ಆದರೆ ಹಣ ಕೊಡುವವರು ಒಬ್ಬರು, ಯಂತ್ರ ಹೊತ್ತು ತರುವವರು ಇನ್ನೊಬ್ಬರು ಎಂಬ ಸ್ಥಿತಿ ಸರ್ವೇಸಾಮಾನ್ಯ. ತೋಟದ ಮಾಲೀಕರು ಬೆಂಗಳೂರಿನಲ್ಲಿ, ಕಂಪ್ಯೂಟರ್ ತರುವವರು ರೈಟರು. ಶಾಲೆಯ ಯಂತ್ರಕ್ಕೆ ಅನುದಾನ, ಪಂಚಾಯ್ತಿಯ ಯಂತ್ರಕ್ಕೆ ಸರ್ಕಾರದ ಲೆಕ್ಕ, ಸಹಕಾರ ಸಂಘದ ಯಂತ್ರಕ್ಕೆ ಸದಸ್ಯರೆಲ್ಲರ ಹಣ. ‘ಬಿಲ್ ಎಷ್ಟಕ್ಕೆ ಹಾಕಲಿ?’ ಎಂಬ ಪ್ರಶ್ನೆ ಹುಟ್ಟುವುದು ಇಂಥ ಕಡೆಯೇ. ಆ ಪ್ರಶ್ನೆಗೆ ಉತ್ತರ ಕೊಟ್ಟವರು ಅಂಗಡಿಯವರನ್ನು ದೂರುವ ಹಕ್ಕನ್ನು ಅಲ್ಲಿಯೇ ಕಳೆದುಕೊಳ್ಳುತ್ತಾರೆ. ಅಲ್ಲಿ ಏರಿದ ದರವೇ ಮಾರುಕಟ್ಟೆಯ ದರವಾಗಿ, ಸ್ವಂತ ಜೇಬಿನಿಂದ ಕೊಡುವ ವಿದ್ಯಾರ್ಥಿಯ ತಲೆಯ ಮೇಲೂ ಬಂದು ಕೂರುತ್ತದೆ.

ಅಂಗಡಿಯವರ ಮಾತಿನಲ್ಲೂ ಹುರುಳಿದೆ

ನಾಣ್ಯದ ಇನ್ನೊಂದು ಮುಖವನ್ನು ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೈಚಾಚಿದರೆ ಸಿಗುವ ಬಿಡಿಭಾಗ ಕಳಸಕ್ಕೆ ಬರಬೇಕಾದರೆ ಬಸ್ಸು ಹತ್ತಬೇಕು, ಘಾಟಿ ಏರಬೇಕು. ಬೇಡಿಕೆ ಎಷ್ಟೆಂದು ತಿಳಿಯದ ವಸ್ತುವನ್ನು ಸಣ್ಣ ಪೇಟೆಯ ಅಂಗಡಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಇಟ್ಟುಕೊಂಡಿರಬೇಕು. ಕೆಲಸ ಕಲಿತ ಹುಡುಗ ಒಂದೆರಡು ವರ್ಷದಲ್ಲಿ ಬೆಂಗಳೂರಿನ ದಾರಿ ಹಿಡಿಯುತ್ತಾನೆ. ಆನ್‌ಲೈನ್ ಮಳಿಗೆಯ ದರವನ್ನು ಮೊಬೈಲಿನಲ್ಲಿ ತೋರಿಸಿ ಚೌಕಾಶಿ ಮಾಡುವ ಗ್ರಾಹಕ, ಆನ್‌ಲೈನ್‌ನಲ್ಲಿ ಕೊಂಡದ್ದು ಕೆಟ್ಟಾಗ ಓಡಿ ಬರುವುದು ಇದೇ ಅಂಗಡಿಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೈಕೆಲಸದ ಬೆಲೆ. ಎರಡು ಗಂಟೆ ಕುಳಿತು ದೋಷ ಪತ್ತೆ ಹಚ್ಚಿ, ಯಾವ ಭಾಗವನ್ನೂ ಬದಲಿಸದೆ ಸರಿಪಡಿಸಿ ‘ಐನೂರು ರೂಪಾಯಿ’ ಎಂದರೆ, ‘ಏನೂ ಹಾಕಿಲ್ಲವಲ್ಲ, ಯಾಕೆ ಐನೂರು?’ ಎಂದು ಕೇಳುವವರು ನಾವೇ. ಅದೇ ಒಂದು ಭಾಗ ಬದಲಿಸಿ ಎರಡು ಸಾವಿರ ಎಂದರೆ ಮಾತಿಲ್ಲದೆ ಕೊಡುತ್ತೇವೆ. ಕಣ್ಣಿಗೆ ಕಾಣುವ ವಸ್ತುವಿಗೆ ಬೆಲೆ ಕೊಟ್ಟು, ಕಾಣದ ಬುದ್ಧಿಗೆ ಬೆಲೆ ಕೊಡದ ಈ ಸ್ವಭಾವ ಅಂಗಡಿಯವನಿಗೆ ಒಂದು ಪಾಠ ಕಲಿಸುತ್ತದೆ: ಕೂಲಿಯನ್ನು ಬಿಡಿಭಾಗದೊಳಗೆ ಅಡಗಿಸು. ಮೊದಲು ಅನಿವಾರ್ಯಕ್ಕೆ ಹೇಳಿದ ಈ ಸಣ್ಣ ಸುಳ್ಳು ಕ್ರಮೇಣ ವ್ಯಾಪಾರದ ಪದ್ಧತಿಯಾಗುತ್ತದೆ. ಅಡಗಿಸಿದ ಕೂಲಿ ಎಷ್ಟು, ಅಡಗಿಸಿದ ಲಾಭ ಎಷ್ಟು ಎಂಬ ಗೆರೆ ಅಳಿಸಿಹೋಗುವುದು ಅಲ್ಲಿಯೇ.

ಮೇಲ್ದರ್ಜೆಯ ಆಮಿಷ

ರಿಪೇರಿಗಿಂತಲೂ ಹೆಚ್ಚು ಗೊಂದಲವಿರುವುದು ಯಂತ್ರವನ್ನು ಮೇಲ್ದರ್ಜೆಗೇರಿಸುವ ವಿಷಯದಲ್ಲಿ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಿಗೂ ಹೊಂದುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಅಂಶ ಮತ್ತು ನಿಗದಿತ ಪೀಳಿಗೆಯ ಪ್ರೊಸೆಸರ್ ಇದ್ದರಷ್ಟೇ ಅಧಿಕೃತವಾಗಿ ಅಳವಡಿಸಬಹುದು. ಇಷ್ಟು ಸತ್ಯ. ಆದರೆ ‘ನಿಮ್ಮ ಕಂಪ್ಯೂಟರ್ ಇನ್ನು ಕೆಲಸ ಮಾಡುವುದಿಲ್ಲ’ ಎಂಬ ಮಾತು ಸತ್ಯವಲ್ಲ. ಬೆಂಬಲ ನಿಂತ ಯಂತ್ರ ನಿಲ್ಲುವುದಿಲ್ಲ, ಅದಕ್ಕೆ ಹೊಸ ಭದ್ರತಾ ತೇಪೆ ಬರುವುದಿಲ್ಲವಷ್ಟೇ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಆ ತೇಪೆಗಳನ್ನೂ ಪಡೆಯುವ ಅವಕಾಶವನ್ನು ಕಂಪನಿ ಕೊಟ್ಟಿತು, ಅದೂ ಹಣ ತೆರದೆ ಪಡೆಯುವ ದಾರಿಗಳೊಂದಿಗೆ. ಪತ್ರ ಬರೆಯಲು, ಅಂತರ್ಜಾಲ ನೋಡಲು ಉಚಿತ ಲಿನಕ್ಸ್ ಇದೆ. ವೈರಸ್ ನಿರೋಧಕಕ್ಕೆಂದು ಪ್ರತ್ಯೇಕ ಹಣ ಕೇಳುವಾಗಲೂ ಒಂದು ಸಂಗತಿ ನೆನಪಿರಲಿ: ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್‌ಗೆ ಶುಲ್ಕವಿಲ್ಲ.

ನಿಧಾನವಾದ ಹಳೆಯ ಯಂತ್ರಕ್ಕೆ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದು ನಿಜವಾಗಿಯೂ ಫಲ ಕೊಡುವ ಬದಲಾವಣೆ. ಆದರೆ ಹಾಕಿದ್ದು ಹೊಸತೇ, ಬಳಸಿದ್ದೇ? ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕವನ್ನು ಬಹುತೇಕ ಡಿಸ್ಕ್‌ಗಳು ತಮ್ಮೊಳಗೇ ಇಟ್ಟುಕೊಂಡಿರುತ್ತವೆ, ಉಚಿತ ತಂತ್ರಾಂಶಗಳಿಂದ ಅದನ್ನು ಓದಬಹುದು. ರ‍್ಯಾಮ್ ವಿಚಾರದಲ್ಲಿ ಮಾತ್ರ ಅಂಗಡಿಯವರ ಮಾತನ್ನು ಸಾರಾಸಗಟಾಗಿ ಅನುಮಾನಿಸುವಂತಿಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಸ್ಮೃತಿ ಫಲಕಗಳ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವಹಿವಾಟಿನಿಂದಲೇ ಹಿಂದೆ ಸರಿಯುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹಿಂದಿನ ವರ್ಷದ ದರವನ್ನು ನೆನಪಿಟ್ಟುಕೊಂಡು ಅಂಗಡಿಯವನನ್ನು ಕಳ್ಳನೆನ್ನುವುದೂ ಅನ್ಯಾಯವೇ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಿವಾರಣೆಯಾಗಬೇಕು. ಕಂಪ್ಯೂಟರ್ ರಿಪೇರಿಗೆ ಇಷ್ಟೇ ಕೂಲಿ ಪಡೆಯಬೇಕೆಂಬ ಮಿತಿಯನ್ನು ಯಾವ ಕಾನೂನೂ ವಿಧಿಸಿಲ್ಲ. ಪೊಟ್ಟಣದ ವಸ್ತುವನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವುದನ್ನು ಕಾನೂನುಬದ್ಧ ಮಾಪನಶಾಸ್ತ್ರದ 2011ರ ನಿಯಮಗಳು ನಿಷೇಧಿಸುತ್ತವೆ, ನಿಜ. ಆದರೆ ಕಂಪ್ಯೂಟರ್ ಬಿಡಿಭಾಗಗಳ ಮೇಲೆ ಮುದ್ರಿಸಿದ ಎಂಆರ್‌ಪಿ ಮಾರುಕಟ್ಟೆಯ ದರಕ್ಕಿಂತ ಎಷ್ಟೋ ಮೇಲಿರುವುದು ಸಾಮಾನ್ಯ. ಹಾಗಾಗಿ ಆ ಮುದ್ರೆ ಗ್ರಾಹಕನಿಗೆ ದೊಡ್ಡ ರಕ್ಷಣೆಯೇನಲ್ಲ. ದುಬಾರಿ ದರ ತಾನೇ ಅಪರಾಧವಲ್ಲ. ಸುಳ್ಳು ಹೇಳಿ ಪಡೆದ ದರ ಅಪರಾಧ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇಲ್ಲಿ ಕೆಲಸಕ್ಕೆ ಬರುತ್ತದೆ. ವಸ್ತುವಿಗಾಗಲೀ ಸೇವೆಗಾಗಲೀ ಬಿಲ್ ಕೊಡದಿರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ಸೇವಾ ನ್ಯೂನತೆ. ‘ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂಬ ಗೋಡೆಬರಹ ಕಾನೂನಿಗಿಂತ ದೊಡ್ಡದಲ್ಲ.

ಹಿಂದಿನ ಕಾಯ್ದೆಯಲ್ಲಿ ಎದುರುದಾರರು ಇರುವ ಊರಿನಲ್ಲಿ ಅಥವಾ ವ್ಯವಹಾರ ನಡೆದ ಊರಿನಲ್ಲಿ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಬೆಂಗಳೂರಿನ ಮಳಿಗೆಯಲ್ಲಿ ಕೊಂಡವರೂ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ದೂರಿಗೆ ಎರಡು ವರ್ಷಗಳ ಕಾಲಾವಕಾಶವಿದೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಗುಡ್ಡದ ದಾರಿಯಲ್ಲಿ ಅಲೆಯಲಾಗದವರು ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಎಷ್ಟೋ ಸಣ್ಣ ವ್ಯಾಜ್ಯಗಳು ಅಲ್ಲಿಯೇ ಮುಗಿಯುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ವಾಣಿಜ್ಯ ಉದ್ದೇಶಕ್ಕೆ ಪಡೆದ ವಸ್ತು ಮತ್ತು ಸೇವೆ ಈ ಕಾಯ್ದೆಯ ಹೊರಗೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಯಂತ್ರ ಇಟ್ಟುಕೊಂಡ ಝೆರಾಕ್ಸ್ ಅಂಗಡಿಯವರಿಗೆ ರಕ್ಷಣೆ ಉಂಟು, ದೊಡ್ಡ ಎಸ್ಟೇಟಿನ ಕಚೇರಿಗೆ ಅದು ಸುಲಭವಲ್ಲ.

ಆದರೆ ಇದೆಲ್ಲಕ್ಕೂ ಬುನಾದಿ ಬಿಲ್. ‘ಬಿಲ್ ಬೇಕಾದರೆ ಶೇ 18 ಜಾಸ್ತಿ’ ಎಂಬ ಮಾತಿಗೆ ಮರುಳಾಗಿ ಬಿಲ್ ಬಿಟ್ಟು ಬಂದವರು ಉಳಿಸುವುದು ತೆರಿಗೆಯನ್ನು, ಕಳೆದುಕೊಳ್ಳುವುದು ಸಾಕ್ಷ್ಯವನ್ನು. ಜಿಎಸ್‌ಟಿ ನೋಂದಣಿ ಇಲ್ಲದ ಅಂಗಡಿ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ. ನೋಂದಣಿ ಇದ್ದರೆ ಬಿಲ್ಲಿನ ಮೇಲೆ 15 ಅಂಕಿ-ಅಕ್ಷರಗಳ ಸಂಖ್ಯೆ ಇರಬೇಕು, ಕರ್ನಾಟಕದ್ದಾದರೆ ಅದು 29ರಿಂದ ಆರಂಭವಾಗುತ್ತದೆ.

ಬೆಳಕು ಬೇಕಿರುವುದು ಎಲ್ಲಿ?

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಅದಕ್ಕಾಗಿ ಜಾಲತಾಣ ತೆರೆಯಿತು. ಮೊಬೈಲ್ ಮತ್ತು ವಿದ್ಯುನ್ಮಾನ ವಸ್ತುಗಳು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆ ಎಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಇನ್ನೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿತು. ಕಂಪನಿಗಳು ಬಿಡಿಭಾಗ ಮತ್ತು ಕೈಪಿಡಿಯನ್ನು ಬಚ್ಚಿಡಬಾರದೆಂಬ ಈ ಪ್ರಯತ್ನ ಸ್ವಾಗತಾರ್ಹ. ಆದರೆ ಅದು ಕಂಪನಿ ಮತ್ತು ಅಂಗಡಿಯ ನಡುವಿನ ಬಾಗಿಲನ್ನು ತೆರೆಯುತ್ತದೆಯೇ ಹೊರತು ಅಂಗಡಿ ಮತ್ತು ಗ್ರಾಹಕನ ನಡುವಿನ ಬಾಗಿಲನ್ನಲ್ಲ.

ಆ ಬಾಗಿಲು ತೆರೆಯಲು ದೆಹಲಿಯ ಸಮಿತಿ ಬೇಕಾಗಿಲ್ಲ. ತಪಾಸಣೆಗೆ ಇಷ್ಟು, ವಿಂಡೋಸ್ ಅಳವಡಿಕೆಗೆ ಇಷ್ಟು, ಸ್ವಚ್ಛತೆಗೆ ಇಷ್ಟು ಎಂಬ ದರಪಟ್ಟಿ ಗೋಡೆಯ ಮೇಲಿರಲಿ. ಭಾಗ ಬದಲಿಸುವ ಮುನ್ನ ಗ್ರಾಹಕನ ಒಪ್ಪಿಗೆ ಬರಹದಲ್ಲಿ ಅಥವಾ ವಾಟ್ಸಾಪ್‌ನಲ್ಲಾದರೂ ಇರಲಿ. ತೆಗೆದ ಹಳೆಯ ಭಾಗ ಯಂತ್ರದ ಜೊತೆಗೇ ಗ್ರಾಹಕನ ಕೈ ಸೇರಲಿ. ಬಿಲ್ಲಿನಲ್ಲಿ ಭಾಗದ ಬೆಲೆ ಬೇರೆ, ಕೂಲಿ ಬೇರೆಯಾಗಿ ನಮೂದಾಗಲಿ. ಪ್ರತಿಯಾಗಿ ಗ್ರಾಹಕರೂ ಒಂದು ಹೆಜ್ಜೆ ಇಡಬೇಕು. ‘ಏನೂ ಹಾಕಿಲ್ಲವಲ್ಲ’ ಎನ್ನುವುದನ್ನು ಬಿಟ್ಟು, ಏನೂ ಹಾಕದೆ ಸರಿಪಡಿಸಿದವನೇ ನಿಜವಾದ ಕುಶಲಕರ್ಮಿ ಎಂದು ತಿಳಿದು ಅವನ ಕೂಲಿಯನ್ನು ಮನಸಾರೆ ಕೊಡಬೇಕು.

ಕಾಫಿ ಬೆಳೆಗಾರರಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಮೂಟೆಯಲ್ಲಿರುವ ಬೀಜದ ಗುಣಮಟ್ಟ ಎಷ್ಟೆಂದು, ತೇವಾಂಶ ಎಷ್ಟೆಂದು ಕೊಳ್ಳುವವನೇ ನಿರ್ಧರಿಸಿ ಬೆಲೆ ಹೇಳಿದಾಗ ಆಗುವ ಸಂಕಟ ಅವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಬೇಕೆಂದು ಅವರು ಕೇಳುವುದು ಕಣ್ಣೆದುರಿನ ತೂಕ, ಕಣ್ಣೆದುರಿನ ಮಾಪನ. ಕಂಪ್ಯೂಟರ್ ಅಂಗಡಿಯಲ್ಲೂ ಕೇಳಬೇಕಿರುವುದು ಅದನ್ನೇ.